ದಂತವೈದ್ಯರ ವೆಬ್‌ಸೈಟಿನಲ್ಲಿ ಯಾರ ಮಾತಿರಬೇಕು?

ಹಲ್ಲಿನ ಕ್ಲಿನಿಕ್‌ಗಳ ವೆಬ್‌ಸೈಟ್‌ಗಳಿಗೆ ಬರೆದುಕೊಡುವುದು ನನ್ನ ಕಸುಬು. ಬೆಂಗಳೂರು, ತುಮಕೂರು, ದಾವಣಗೆರೆ, ಮೈಸೂರಿನ ದಂತವೈದ್ಯರ ಜೊತೆ ಕೂತು ಈ ಕೆಲಸ ಮಾಡುತ್ತ ಬಂದಿದ್ದೇನೆ. ಹೊಸದಾಗಿ ಕ್ಲಿನಿಕ್ ತೆರೆದವರು ಬಹುಮಟ್ಟಿಗೆ ಒಂದೇ ಪ್ರಶ್ನೆಯಿಂದ ಶುರು ಮಾಡುತ್ತಾರೆ: "ಬೇರೆ ಸೈಟಿನದ್ದನ್ನ ತೆಗೆದು ಹಾಕಿಕೊಂಡ್ರೆ ಗೂಗಲ್‌ನಲ್ಲಿ ತೊಂದ್ರೆ ಆಗುತ್ತಾ?" ಆಗುತ್ತದೆ, ಆದರೆ ಜನ ಅಂದುಕೊಂಡ ರೀತಿಯಲ್ಲಿ ಆಗುವುದಿಲ್ಲ. ನನಗೆ ಅದಕ್ಕಿಂತ ಹೆಚ್ಚು ಆತಂಕ ತರುವುದು ಬೇರೆ ಸಂಗತಿ. ಯಾವುದೋ ದೇಶದ, ಯಾವುದೋ ಊರಿನ ವೈದ್ಯರ ಮಾತು ನಿಮ್ಮ ಹೆಸರಿನ ಕೆಳಗೆ ಅಚ್ಚಾದಾಗ ನಿಮ್ಮ ರೋಗಿ ಅದನ್ನು ನಿಮ್ಮ ಮಾತೆಂದೇ ನಂಬುತ್ತಾನೆ, ಹಾಗೆಯೇ ನಡೆದುಕೊಳ್ಳುತ್ತಾನೆ. ಈ ಕೆಲಸದಲ್ಲಿ ಕಲಿತ ಕೆಲವು ಪಾಠಗಳನ್ನು ಆ ಆತಂಕದಿಂದಲೇ ಬರೆಯುತ್ತಿದ್ದೇನೆ.

1. ಮೊದಲು ನಿಮ್ಮ ಸೈಟಿನ ಒಂದು ವಾಕ್ಯ ಹುಡುಕಿ ನೋಡಿ

ರೂಟ್ ಕೆನಾಲ್ ಪುಟವನ್ನೇ ತೆಗೆಯಿರಿ. ಅದರ ನಡುವಿನ ಒಂದು ಇಡೀ ವಾಕ್ಯವನ್ನು ಉದ್ಧರಣ ಚಿಹ್ನೆಯೊಳಗಿಟ್ಟು ಗೂಗಲ್‌ನಲ್ಲಿ ಹುಡುಕಿ. ಅದೇ ವಾಕ್ಯ ಬೇರೆ ಬೇರೆ ಊರಿನ ಕ್ಲಿನಿಕ್‌ಗಳ ಸೈಟಿನಲ್ಲಿ ಅಕ್ಷರ ಬದಲಾಗದೆ ಕಾಣಿಸಿಕೊಂಡರೆ, ನಿಮಗೆ ಸೈಟ್ ಮಾಡಿಕೊಟ್ಟವರು ಸಿದ್ಧ ಪಠ್ಯ ಹಾಕಿ ಕ್ಲಿನಿಕ್ಕಿನ ಹೆಸರು, ಫೋನ್ ನಂಬರು ಮಾತ್ರ ಬದಲಿಸಿದ್ದಾರೆ ಎಂದರ್ಥ. ಬಹಳ ವೈದ್ಯರಿಗೆ ಇದು ಗೊತ್ತೇ ಇರುವುದಿಲ್ಲ. ಹಣ ಕೊಟ್ಟು ಬರೆಸಿದ್ದೇವೆ ಎಂದೇ ಅವರ ನಂಬಿಕೆ. ಎಲ್ಲ ಚಿಕಿತ್ಸೆಗಳ ಪುಟಗಳನ್ನೂ 'ನಮ್ಮ ಬಗ್ಗೆ' ಪುಟವನ್ನೂ ಹೀಗೆ ಪರೀಕ್ಷಿಸಲು ಒಂದು ಮಧ್ಯಾಹ್ನ ಸಾಕು. 'ನಮ್ಮ ಬಗ್ಗೆ' ಪುಟ ಸಹ ನಕಲಾಗಿರುವುದನ್ನು ನೋಡಿದ್ದೇನೆ. ವೈದ್ಯರ ಹೆಸರು, ಪದವಿ ಅವರದ್ದೇ; ಅವರ ಧ್ಯೇಯ, ನಂಬಿಕೆ ಮಾತ್ರ ಇನ್ನೊಬ್ಬರದ್ದು.

2. 'ನಕಲು ದಂಡ'ದ ಬಗ್ಗೆ ಸರಿಯಾಗಿ ತಿಳಿದುಕೊಳ್ಳಿ

ನಕಲು ಪಠ್ಯವಿದ್ದರೆ ಗೂಗಲ್ ಸೈಟನ್ನೇ ಕಿತ್ತುಹಾಕುತ್ತದೆ ಎಂದು ಹೆದರಿಸಿ ವ್ಯಾಪಾರ ಮಾಡುವವರಿದ್ದಾರೆ. ಜನ ಮಾತಾಡುವ ಅರ್ಥದಲ್ಲಿ ಅಂಥ ದಂಡ ಇಲ್ಲವೆಂದು ಗೂಗಲ್ 2008ರಲ್ಲೇ ಬರೆದು ಸ್ಪಷ್ಟಪಡಿಸಿದೆ. ಜನರನ್ನು ಮೋಸಗೊಳಿಸಲೆಂದೇ, ಹುಡುಕಾಟದ ಫಲಿತಾಂಶವನ್ನು ತಿರುಚಲೆಂದೇ ನಕಲು ಮಾಡಿದಾಗ ಕ್ರಮವಿದೆ. ಉಳಿದ ಸಂದರ್ಭಗಳಲ್ಲಿ ಅದು ಒಂದೇ ರೀತಿಯ ಪುಟಗಳನ್ನೆಲ್ಲ ಒಂದು ಗುಂಪು ಮಾಡಿ, ಅವುಗಳಲ್ಲಿ ಒಂದನ್ನು ಆರಿಸಿ ತೋರಿಸುತ್ತದೆ. ಉಳಿದವು ಮರೆಯಲ್ಲೇ ಇರುತ್ತವೆ.

ಆ ಒಂದು ಪುಟ ನಿಮ್ಮದಾಗುವ ಸಾಧ್ಯತೆ ಎಷ್ಟು? ಮೂಲ ಪುಟ ವರ್ಷಗಳಿಂದ ಅಲ್ಲಿದೆ, ಅದಕ್ಕೆ ನೂರಾರು ಕಡೆಯಿಂದ ಕೊಂಡಿಗಳಿವೆ. ನಿಮ್ಮ ಸೈಟ್ ಮೊನ್ನೆ ಹುಟ್ಟಿದ್ದು. ಹಾಗಾಗಿ ಯಾರೂ ನಿಮ್ಮನ್ನು ಶಿಕ್ಷಿಸದಿದ್ದರೂ ನಿಮ್ಮ ಪುಟ ಯಾರ ಕಣ್ಣಿಗೂ ಬೀಳುವುದಿಲ್ಲ.

2011ರ ಫೆಬ್ರವರಿಯಲ್ಲಿ ಬಂದ 'ಪಾಂಡಾ' ಬದಲಾವಣೆ ತಿರುಳಿಲ್ಲದ ಪುಟಗಳನ್ನು ಕೆಳಗಿಳಿಸಿತು. 2022ರ ಆಗಸ್ಟ್‌ನಲ್ಲಿ ಓದುಗನಿಗೆ ನಿಜವಾಗಿ ಉಪಯೋಗವಾಗುವ ಬರಹಕ್ಕೆ ಮನ್ನಣೆ ಕೊಡುವ ವ್ಯವಸ್ಥೆ ಬಂತು. ಅದೇ ವರ್ಷದ ಡಿಸೆಂಬರ್‌ನಲ್ಲಿ, ಪುಟಗಳ ಗುಣಮಟ್ಟ ಅಳೆಯುವವರಿಗೆ ಗೂಗಲ್ ಕೊಡುವ ಮಾರ್ಗಸೂಚಿಯಲ್ಲಿ ಪರಿಣತಿ, ಅಧಿಕೃತತೆ, ವಿಶ್ವಾಸಾರ್ಹತೆಗಳ ಜೊತೆಗೆ 'ಅನುಭವ'ವೂ ಸೇರಿತು. ಆರೋಗ್ಯದ ಪುಟಗಳಿಗೆ ಈ ಅಳತೆ ಇನ್ನೂ ಬಿಗಿ. ಇಪ್ಪತ್ತು ವರ್ಷ ಕುರ್ಚಿಯ ಪಕ್ಕ ನಿಂತು ಕೆಲಸ ಮಾಡಿದ ದಂತವೈದ್ಯರ ಬಳಿ ಇರುವುದೇ ಅನುಭವ. ಅದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಸೈಟಿಗೆ ಹಾಕಿಕೊಳ್ಳುವುದು ನನಗೆ ದುಃಖದ ವಿಷಯ.

3. ನಿಮ್ಮ ಸೈಟಿನೊಳಗಿನ ಪುನರಾವರ್ತನೆಗೆ ಗಾಬರಿ ಬೇಡ

ಒಂದೇ ಪುಟ 'ಡಬ್ಲ್ಯೂಡಬ್ಲ್ಯೂಡಬ್ಲ್ಯೂ' ಇರುವ ವಿಳಾಸದಲ್ಲೂ ಇಲ್ಲದ ವಿಳಾಸದಲ್ಲೂ ತೆರೆದುಕೊಳ್ಳುವುದು, ಜಾಹೀರಾತಿನಿಂದ ಬಂದವರಿಗೆ ವಿಳಾಸದ ಕೊನೆಗೆ ಬಾಲ ಸೇರಿಕೊಳ್ಳುವುದು, ಇವೆಲ್ಲ ತಾಂತ್ರಿಕ ಸಂಗತಿಗಳು. ಯಾವುದು ಮೂಲ ಪುಟ ಎಂದು ಹೇಳುವ ಕೆನಾನಿಕಲ್ ಗುರುತು 2009ರಿಂದ ಇದೆ. ಹಳೆಯ ವಿಳಾಸದಿಂದ ಹೊಸದಕ್ಕೆ ಕಳಿಸಲು 301 ರೀಡೈರೆಕ್ಟ್ ಇದೆ. ಸೈಟ್ ನೋಡಿಕೊಳ್ಳುವ ಹುಡುಗನಿಗೆ ಹೇಳಿದರೆ ಅರ್ಧ ದಿನದ ಕೆಲಸ. ಕ್ಲಿನಿಕ್ಕಿನ ವಿಳಾಸ, ವೇಳೆ, ಫೋನ್ ನಂಬರು ಪ್ರತಿ ಪುಟದ ಕೆಳಗೂ ಇರುವುದು ತಪ್ಪಲ್ಲ, ಇರಲೇಬೇಕು. ಅದೇ ಪುಟ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಇದ್ದರೆ ಅದೂ ನಕಲಲ್ಲ. ಆದರೆ ಕನ್ನಡ ಪುಟವನ್ನು ಯಂತ್ರದಿಂದ ತಿರುಗಿಸಿ ಹಾಗೆಯೇ ಬಿಡಬೇಡಿ. ನೀವು ರೋಗಿಗೆ ಕನ್ನಡದಲ್ಲಿ ಹೇಗೆ ಹೇಳುತ್ತೀರೋ ಹಾಗೆ ಹೊಸದಾಗಿ ಬರೆಸಿ.

4. ಎರವಲು ಪುಟ ಮೊದಲು ಎಡವುವುದು ಸಣ್ಣ ವಿವರಗಳಲ್ಲಿ

ಹಲ್ಲು ಕಿತ್ತ ಮೇಲೆ ನೋವಿದ್ದರೆ 'ಟೈಲೆನಾಲ್' ತೆಗೆದುಕೊಳ್ಳಿ ಎಂದು ನಮ್ಮ ಜಿಲ್ಲೆಯೊಂದರ ಕ್ಲಿನಿಕ್ಕಿನ ಸೈಟಿನಲ್ಲಿ ಓದಿದ್ದೇನೆ. ಅದು ಅಮೆರಿಕದಲ್ಲಿ ಮನೆಮಾತಾದ ಬ್ರಾಂಡು. ಒಳಗಿರುವುದು ನಮ್ಮ ಪ್ಯಾರಾಸಿಟಮಾಲ್. ಊರಿನ ಮೆಡಿಕಲ್ ಶಾಪಿನಲ್ಲಿ ಆ ಹೆಸರು ಹೇಳಿದರೆ ಸಿಗುವುದಿಲ್ಲ. 'ನಿಮ್ಮ ದಂತ ವಿಮೆಯನ್ನು ಸ್ವೀಕರಿಸುತ್ತೇವೆ' ಎಂಬ ಸಾಲೂ ಹಾಗೆಯೇ ಬಂದದ್ದು. ನಮ್ಮಲ್ಲಿ ಸಾಮಾನ್ಯ ಆರೋಗ್ಯ ವಿಮೆ, ಅಪಘಾತದ ಸಂದರ್ಭ ಬಿಟ್ಟರೆ, ಹೊರರೋಗಿಯಾಗಿ ಮಾಡಿಸುವ ಹಲ್ಲಿನ ಚಿಕಿತ್ಸೆಯನ್ನು ಹೆಚ್ಚಾಗಿ ಒಳಗೊಳ್ಳುವುದಿಲ್ಲ. ಆ ಸಾಲು ನಂಬಿ ಕ್ಯಾಪ್ ಹಾಕಿಸಲು ಬಂದವರು ಬಿಲ್ ಕೌಂಟರಿನಲ್ಲಿ ಜಗಳವಾಡಿದರೆ ತಪ್ಪು ಅವರದ್ದಲ್ಲ.

ಇನ್ನೂ ಸೂಕ್ಷ್ಮವಾದದ್ದು ಹಲ್ಲಿನ ಸಂಖ್ಯೆ. ಅಮೆರಿಕದಲ್ಲಿ ಹಲ್ಲುಗಳನ್ನು 1ರಿಂದ 32ರವರೆಗೆ ಸಾಲಾಗಿ ಎಣಿಸುತ್ತಾರೆ. ನಮ್ಮ ವೈದ್ಯರು ಬಳಸುವುದು ಎರಡಂಕಿಯ ಎಫ್‌ಡಿಐ ಪದ್ಧತಿ: ಮೊದಲ ಅಂಕಿ ಬಾಯಿಯ ಯಾವ ಕಾಲುಭಾಗ ಎಂದು, ಎರಡನೆಯದು ನಡುವಿನಿಂದ ಎಷ್ಟನೆಯ ಹಲ್ಲು ಎಂದು ಹೇಳುತ್ತದೆ. ನಮ್ಮ ಲೆಕ್ಕದಲ್ಲಿ 14 ಎಂದರೆ ಮೇಲೆ ಬಲಗಡೆಯ ಮೊದಲ ಪ್ರೀಮೋಲಾರ್. ಅಮೆರಿಕದ ಲೆಕ್ಕದಲ್ಲಿ ಅದೇ 14 ಮೇಲೆ ಎಡಗಡೆಯ ಮೊದಲ ಮೋಲಾರ್. ರೋಗಿಯ ಕೈಯಲ್ಲಿರುವ ಚೀಟಿಯಲ್ಲಿ 14 ಎಂದಿದೆ, ನಿಮ್ಮದೇ ಸೈಟಿನ ಚಿತ್ರದಲ್ಲಿ 14 ಎದುರು ಬದಿಯ ಹಲ್ಲು. ಅವರು ಗಾಬರಿಯಾಗಿ ಫೋನ್ ಮಾಡಿದರೆ ನಿಮ್ಮ ಬಳಿ ಏನು ಉತ್ತರವಿದೆ?

5. ಒಂದು ಊರಿಗೆ ಸರಿಯಾದ ಸಲಹೆ ಇನ್ನೊಂದು ಊರಿಗೆ ಅಪಾಯ

ಈ ಪಾಠವನ್ನು ನಾನು ಪ್ರತಿ ಹೊಸ ವೈದ್ಯರಿಗೂ ವಿವರವಾಗಿ ಹೇಳುತ್ತೇನೆ.

ಅಮೆರಿಕದ ಮಿಷಿಗನ್ ರಾಜ್ಯದ ಗ್ರ್ಯಾಂಡ್ ರ‍್ಯಾಪಿಡ್ಸ್ ನಗರ 1945ರಲ್ಲಿ ಕುಡಿಯುವ ನೀರಿಗೆ ಫ್ಲೋರೈಡ್ ಬೆರೆಸಲು ಶುರು ಮಾಡಿತು. ಮಕ್ಕಳ ಹುಳುಕು ಹಲ್ಲು ಕಡಿಮೆಯಾಯಿತು, ಬೇರೆ ನಗರಗಳೂ ಅದನ್ನೇ ಅನುಸರಿಸಿದವು. 2015ರಲ್ಲಿ ಅಲ್ಲಿನ ಸರ್ಕಾರ ಮಾಡಿದ ಶಿಫಾರಸು ಲೀಟರಿಗೆ 0.7 ಮಿಲಿಗ್ರಾಂ. ಆದ್ದರಿಂದ ಅಲ್ಲಿನ ಕ್ಲಿನಿಕ್‌ಗಳ ಮಕ್ಕಳ ಹಲ್ಲಿನ ಪುಟದಲ್ಲಿ ಒಂದು ಮಾತು ಸಾಮಾನ್ಯವಾಗಿ ಕಾಣುತ್ತದೆ: ನಿಮ್ಮ ನೀರಿನಲ್ಲಿ ಫ್ಲೋರೈಡ್ ಸಾಲದಿದ್ದರೆ ಹನಿ ಅಥವಾ ಮಾತ್ರೆಯ ರೂಪದಲ್ಲಿ ಕೊಡುವ ಬಗ್ಗೆ ವೈದ್ಯರನ್ನು ಕೇಳಿ. ಅದು ಅಲ್ಲಿನ ನೀರನ್ನು ನೋಡಿ ಬರೆದ ಮಾತು.

ಅದೇ ಪುಟವನ್ನು ಪಾವಗಡಕ್ಕೋ ಬಾಗೇಪಲ್ಲಿಗೋ ತಂದು ಹಾಕಿ ನೋಡಿ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಚಿತ್ರದುರ್ಗ, ಕೊಪ್ಪಳ, ರಾಯಚೂರು ಜಿಲ್ಲೆಗಳ ಎಷ್ಟೋ ಕಡೆ ಬೋರ್‌ವೆಲ್ ನೀರಿನಲ್ಲಿ ಬಂಡೆಯಿಂದ ಕರಗಿ ಬಂದ ಫ್ಲೋರೈಡ್ ಮಿತಿ ಮೀರಿದೆ. ಭಾರತೀಯ ಮಾನಕ ಬ್ಯೂರೋ ಹಾಕಿದ ಮಿತಿ ಲೀಟರಿಗೆ 1 ಮಿಲಿಗ್ರಾಂ. ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ. ಹಲ್ಲಿನ ಎನಾಮೆಲ್ ದವಡೆಯೊಳಗೆ ರೂಪುಗೊಳ್ಳುವ ವಯಸ್ಸಿನಲ್ಲಿ, ಸುಮಾರು ಎಂಟು ವರ್ಷದೊಳಗೆ, ಮಗು ಆ ನೀರನ್ನು ಕುಡಿದು ಬೆಳೆದರೆ ಹುಟ್ಟುವ ಹಲ್ಲಿನ ಮೇಲೇ ಸುಣ್ಣದಂಥ ಬಿಳಿ ಗೆರೆ, ಕಂದು ಕಲೆ, ಹೆಚ್ಚಾದರೆ ಸಣ್ಣ ಗುಳಿಗಳು ಬರುತ್ತವೆ. ಅಲ್ಲಿಗೆ ಬೇಕಾದದ್ದು ಫ್ಲೋರೈಡ್ ಕಡಿಮೆ ಮಾಡುವ ಮಾತು. ನಕಲು ಪುಟ ಹೇಳುತ್ತಿರುವುದು ಹೆಚ್ಚು ಮಾಡುವ ಮಾತು.

ಆ ಭಾಗದ ವೈದ್ಯರೊಬ್ಬರ ಕ್ಲಿನಿಕ್ಕಿನಲ್ಲಿ ಕೂತಿದ್ದಾಗ ತಾಯಿಯೊಬ್ಬರು ಮಗನ ತುಟಿ ಎತ್ತಿ ತೋರಿಸಿದರು. "ದಿನಾ ಬೈದು ಉಜ್ಜಿಸ್ತೀನಿ ಸಾರ್, ಹಳದಿ ಹೋಗ್ತಾನೇ ಇಲ್ಲ. ಇವನಿಗೆ ಸೋಂಬೇರಿತನ." ವೈದ್ಯರು ಮೊದಲು ಹೇಳಿದ್ದು: "ಅವನದ್ದೇನೂ ತಪ್ಪಿಲ್ಲಮ್ಮ. ಇದು ಉಜ್ಜಿದ್ರೆ ಹೋಗೋ ಕಲೆ ಅಲ್ಲ. ಮನೇಲಿ ಕುಡಿಯೋಕೆ ಯಾವ ನೀರು?" ಹುಡುಗ ಅಲ್ಲಿಯವರೆಗೆ ತಲೆ ಎತ್ತಿರಲಿಲ್ಲ. ಆಮೇಲೆ ವೈದ್ಯರು ಒಂದೊಂದೇ ವಿಷಯ ಹೇಳುತ್ತ ಹೋದರು: ಊರಿನ ಶುದ್ಧ ನೀರಿನ ಘಟಕದ ನೀರನ್ನು ಕುಡಿಯಲು ಮಾತ್ರವಲ್ಲ, ಅಡುಗೆಗೂ ಬಳಸಿ, ನೀರು ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾಗಿ ಉಳಿದದ್ದರಲ್ಲಿ ಅದು ಇನ್ನೂ ಗಟ್ಟಿಯಾಗುತ್ತದೆ, ತಂಗಿ ಚಿಕ್ಕವಳು, ಅವಳಿಗಾಗಿ ಇವತ್ತಿನಿಂದಲೇ ನೀರು ಬದಲಿಸಿ, ಇವನಿಗೆ ಕಲೆಯ ಮೇಲ್ಪದರ ತೆಳುವಾಗಿ ತೆಗೆಯುವುದೋ, ಮೇಲೆ ಕಾಂಪೋಸಿಟ್ ಹಚ್ಚುವುದೋ ಆಮೇಲೆ ನೋಡೋಣ. ಪೇಸ್ಟ್ ಎಷ್ಟು ಹಾಕಬೇಕು, ಮಗು ಅದನ್ನು ನುಂಗದಂತೆ ಹೇಗೆ ನೋಡಿಕೊಳ್ಳಬೇಕು ಎಂಬುದನ್ನೂ ತೋರಿಸಿಕೊಟ್ಟರು.

ಆ ಹತ್ತು ನಿಮಿಷದ ಮಾತೇ ಅವರ ಸೈಟಿನ ಮಕ್ಕಳ ಹಲ್ಲಿನ ಪುಟವಾಯಿತು. ಅದಕ್ಕೆ ಮೊದಲು ಆ ಜಾಗದಲ್ಲಿದ್ದ ಸಿದ್ಧ ಪಠ್ಯದಲ್ಲಿ ನೀರಿನ ಬಗ್ಗೆ ಎಚ್ಚರಿಕೆಯ ಒಂದು ಮಾತೂ ಇರಲಿಲ್ಲ.

ಮಲೆನಾಡಿಗೆ ಹೋದರೆ ಪ್ರಶ್ನೆ ಬದಲಾಗುತ್ತದೆ. ಹಲ್ಲಿನ ಕಲೆಗೆ ಕಾಫಿ, ಚಹಾ, ರೆಡ್ ವೈನ್ ಕಾರಣವೆಂದು ನಕಲು ಪುಟ ಹೇಳುತ್ತದೆ. ಅಲ್ಲಿ ಕೇಳಬೇಕಾದದ್ದು ಎಲೆಯಡಿಕೆ, ಗುಟ್ಕಾ. ಅಡಿಕೆ ಜಗಿಯುವುದರಿಂದ ಬಾಯಿಯ ಒಳಪದರ ಬಿಗಿದು ಬಾಯಿ ತೆರೆಯಲಾಗದ ಸ್ಥಿತಿ ಬರುತ್ತದೆ, ಅದು ಮುಂದೆ ಕ್ಯಾನ್ಸರಿಗೂ ತಿರುಗಬಹುದು. ತಂಬಾಕು ಸೇರದ ಅಡಿಕೆಯನ್ನೂ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ಅಡಿಕೆಯೇ ಬದುಕಾಗಿರುವ ಊರಿನಲ್ಲಿ ಈ ಮಾತು ಬರೆಯುವುದು ಸುಲಭವಲ್ಲ. ಆದರೂ "ಮೂರು ಬೆರಳು ಬಾಯೊಳಗೆ ಹೋಗುತ್ತಾ, ಒಮ್ಮೆ ನೋಡಿಕೊಳ್ಳಿ" ಎಂಬ ಒಂದು ಸಾಲು ಅಲ್ಲಿನ ದಂತವೈದ್ಯರ ಸೈಟಿನಲ್ಲಿ ಇರಲೇಬೇಕು.

6. ಸ್ವಂತ ಬರಹ ಸಿಗುವ ಜಾಗ ರಿಸೆಪ್ಷನ್

"ನಮಗೆ ಬರೆಯೋಕೆ ಬರಲ್ಲ" ಎಂದು ವೈದ್ಯರು ಹೇಳುತ್ತಾರೆ. ಬರೆಯಬೇಕಾಗಿಲ್ಲ, ದಿನವೂ ಹೇಳುತ್ತಲೇ ಇರುತ್ತಾರೆ. ಹೊಸ ಕ್ಲಿನಿಕ್ಕಿಗೆ ಹೋದಾಗ ನಾನು ಮೊದಲು ಮಾತಾಡಿಸುವುದು ಫೋನ್ ಎತ್ತುವ ಹೆಣ್ಣುಮಗಳನ್ನು. ಜನ ಏನು ಕೇಳುತ್ತಾರೆ, ಯಾವ ಮಾತಿಗೆ ಹಿಂಜರಿದು ಫೋನ್ ಇಡುತ್ತಾರೆ ಎಂಬುದು ಆಕೆಗೆ ವೈದ್ಯರಿಗಿಂತ ಚೆನ್ನಾಗಿ ಗೊತ್ತಿರುತ್ತದೆ. ಊರು ಯಾವುದಾದರೂ ಕೆಲವು ಪ್ರಶ್ನೆಗಳು ಬಂದೇ ಬರುತ್ತವೆ:

"ಮೇಲಿನ ಹಲ್ಲು ಕಿತ್ತರೆ ಕಣ್ಣಿಗೆ ತೊಂದರೆ ಅಂತಾರೆ, ನಿಜಾನಾ?"

"ಕ್ಲೀನಿಂಗ್ ಮಾಡಿಸಿದ್ಮೇಲೆ ನಮ್ಮತ್ತೆಗೆ ಹಲ್ಲೆಲ್ಲಾ ಅಲ್ಲಾಡೋಕೆ ಶುರುವಾಯ್ತು."

"ಹಾಲುಹಲ್ಲು ತಾನೆ, ಹೆಂಗೂ ಬೀಳುತ್ತೆ. ಯಾಕೆ ದುಡ್ಡು ಹಾಕಿ ತುಂಬಿಸಬೇಕು?"

ಈ ಪ್ರಶ್ನೆಗಳನ್ನು ವೈದ್ಯರ ಮುಂದಿಟ್ಟು, ಓಪಿಡಿ ಮುಗಿದ ಮೇಲೆ ವಾಟ್ಸಾಪಿನಲ್ಲಿ ಧ್ವನಿ ಸಂದೇಶವಾಗಿ ಉತ್ತರ ಕಳಿಸಲು ಕೇಳುತ್ತೇನೆ. ಬರುವ ಉತ್ತರಗಳು ಬಲು ಸೊಗಸಾಗಿರುತ್ತವೆ. ಅತ್ತೆಯ ಹಲ್ಲಿನ ಬಗ್ಗೆ ಒಬ್ಬ ವೈದ್ಯೆ ಹೇಳಿದ್ದು ಹೀಗೆ: ಗಾರೆ ಬಿದ್ದುಹೋದ ಗೋಡೆಗೆ ಕೆಸರು ಮೆತ್ತಿಕೊಂಡು ನಿಂತ ಹಾಗೆ, ಮೂಳೆ ಕರಗಿ ಸಡಿಲವಾದ ಹಲ್ಲನ್ನು ಕಟ್ಟಿಕೊಂಡ ಕಿಟ್ಟವೇ ಹಿಡಿದಿರುತ್ತದೆ; ಕಿಟ್ಟ ತೆಗೆದಾಗ ಮೊದಲಿನಿಂದಲೂ ಇದ್ದ ಸಡಿಲ ಗೊತ್ತಾಗುತ್ತದೆ, ಅಷ್ಟೆ; ವಸಡಿನ ಊತ ಇಳಿದ ಮೇಲೆ ಎಷ್ಟೋ ಸಲ ಹಲ್ಲು ಮತ್ತೆ ಬಿಗಿಯಾಗುತ್ತದೆ. ಹಾಲುಹಲ್ಲಿನ ಬಗ್ಗೆ ಬಂದ ಉತ್ತರ: ಹಿಂದಿನ ಹಾಲುದವಡೆ ಹಲ್ಲು ಬೀಳುವುದು ಹತ್ತರಿಂದ ಹನ್ನೆರಡು ವರ್ಷಕ್ಕೆ. ಐದನೇ ವರ್ಷಕ್ಕೆ ಅದನ್ನು ಕಳೆದುಕೊಂಡರೆ ಪಕ್ಕದ ಹಲ್ಲು ಆ ಜಾಗಕ್ಕೆ ವಾಲುತ್ತದೆ, ಶಾಶ್ವತ ಹಲ್ಲು ಬರುವಾಗ ಜಾಗವಿಲ್ಲದೆ ಸೊಟ್ಟಗೆ ಬರುತ್ತದೆ, ಆಗ ಕ್ಲಿಪ್ ಹಾಕಿಸುವ ಖರ್ಚು.

ಇಂಥ ಮಾತು ಯಾವ ಸಿದ್ಧ ಪಠ್ಯದಲ್ಲೂ ಇರುವುದಿಲ್ಲ. ಬರೆಯುವಾಗ ಎಚ್ಚರಿಕೆ ಒಂದೇ: ಬರೆದದ್ದನ್ನು ವೈದ್ಯರು ಓದಿ ಒಪ್ಪುವವರೆಗೂ ಸೈಟಿಗೆ ಏರಿಸುವುದಿಲ್ಲ. ಪುಟದ ಕೆಳಗೆ ಅವರ ಹೆಸರು, ಪದವಿ, ಪರಿಶೀಲಿಸಿದ ದಿನಾಂಕ ಹಾಕುತ್ತೇನೆ.

7. ಬಡಾವಣೆಗೊಂದು ಪುಟ ಬೇಡ, ಶಾಖೆಗೊಂದು ನಿಜವಾದ ಪುಟ ಇರಲಿ

ಜಯನಗರದ ದಂತವೈದ್ಯರು, ಬಸವನಗುಡಿಯ ದಂತವೈದ್ಯರು, ಬನಶಂಕರಿಯ ದಂತವೈದ್ಯರು ಎಂದು ಬಡಾವಣೆಯ ಹೆಸರು ಮಾತ್ರ ಬದಲಿಸಿ ಒಂದೇ ಪಠ್ಯವನ್ನು ಇಪ್ಪತ್ತು ಪುಟ ಮಾಡಿಕೊಡುವವರಿದ್ದಾರೆ. ಇರುವ ಕ್ಲಿನಿಕ್ ಒಂದೇ. ಇಂಥ ಪುಟಗಳನ್ನು ಗೂಗಲ್ ತನ್ನ ಸ್ಪಾಮ್ ನಿಯಮಗಳಲ್ಲೇ ಹೆಸರಿಸಿದೆ. ಎರಡು ಶಾಖೆಗಳು ನಿಜವಾಗಿ ಇದ್ದರೆ ಎರಡು ಪುಟ ಬರೆಯಲು ಬೇಕಾದಷ್ಟು ವಿಷಯವಿರುತ್ತದೆ: ಲಿಫ್ಟ್ ಇದೆಯೇ, ಮಂಡಿನೋವಿನ ಅಜ್ಜಿ ಎಷ್ಟು ಮೆಟ್ಟಿಲು ಹತ್ತಬೇಕು, ಕಾರು ಎಲ್ಲಿ ನಿಲ್ಲಿಸಬೇಕು, ಪೂರ್ತಿ ದವಡೆಯ ಎಕ್ಸ್‌ರೇ ಅಲ್ಲೇ ತೆಗೆಯುತ್ತಾರೆಯೇ ಅಥವಾ ಹೊರಗೆ ಹೋಗಬೇಕೆ, ಕ್ಲಿಪ್ ಹಾಕುವ ಡಾಕ್ಟರು ವಾರದಲ್ಲಿ ಯಾವ ದಿನ ಬರುತ್ತಾರೆ. ಕೊನೆಯದ್ದು ಬಹಳ ಮುಖ್ಯ. ಹಳ್ಳಿಯಿಂದ ಬಸ್ಸು ಹತ್ತಿ ಬಂದವರು ಡಾಕ್ಟರಿಲ್ಲದ ದಿನ ವಾಪಸ್ಸು ಹೋಗುವುದು ಈ ಒಂದು ಸಾಲಿನಿಂದ ತಪ್ಪುತ್ತದೆ.

8. ಕೆಲವು ಮಾತು ಎಲ್ಲ ಕಡೆ ಒಂದೇ ಇರಬೇಕು

ಸ್ವಂತಿಕೆಯ ಹುಮ್ಮಸ್ಸಿನಲ್ಲಿ ಎಲ್ಲವನ್ನೂ ಬದಲಿಸಲು ಹೋಗಬಾರದು. ಹಲ್ಲು ಕಿತ್ತ ಮೇಲಿನ ಸೂಚನೆಗಳು ಕೈಗೆ ಕೊಡುವ ಚೀಟಿಯಲ್ಲಿ, ವಾಟ್ಸಾಪ್ ಸಂದೇಶದಲ್ಲಿ, ವೆಬ್‌ಸೈಟಿನಲ್ಲಿ ಪದಕ್ಕೆ ಪದ ಒಂದೇ ಆಗಿರಲಿ. ಹತ್ತಿಯನ್ನು ಎಷ್ಟು ಹೊತ್ತು ಕಚ್ಚಿ ಹಿಡಿಯಬೇಕು, ಮೊದಲ ದಿನ ಬಾಯಿ ಮುಕ್ಕಳಿಸಬಾರದು, ಉಗುಳುತ್ತಲೇ ಇರಬಾರದು, ಬೀಡಿ ಸೇದಬಾರದು, ಉಪ್ಪುನೀರು ಮರುದಿನದಿಂದ, ಮೊಸರನ್ನವೋ ಆರಿದ ಗಂಜಿಯೋ ಊಟ. ಒಂದು ಕಡೆ ಒಂದು ಥರ, ಇನ್ನೊಂದು ಕಡೆ ಇನ್ನೊಂದು ಥರ ಇದ್ದರೆ ಮನೆಯವರು ಗೊಂದಲಕ್ಕೆ ಬೀಳುತ್ತಾರೆ, ಅದೂ ರಾತ್ರಿ ಹನ್ನೊಂದಕ್ಕೆ ರಕ್ತ ಜಿನುಗುವಾಗ. ಇಲ್ಲಿ ಪುನರಾವರ್ತನೆಯೇ ರಕ್ಷಣೆ.

9. ಪದ ಬದಲಿಸಿದರೆ ಬರಹ ಸ್ವಂತದ್ದಾಗುವುದಿಲ್ಲ

ನಕಲು ಪತ್ತೆ ಮಾಡುವ ತಂತ್ರಾಂಶ ನೂರಕ್ಕೆ ನೂರು ಅಂಕ ಕೊಟ್ಟಿದೆ ಎಂದು ವರದಿ ತೋರಿಸುತ್ತಾರೆ. ಆ ತಂತ್ರಾಂಶ ಪದಗಳ ಸಾಲನ್ನು ಹೋಲಿಸುತ್ತದೆ. ಹೇಳಿದ್ದು ನಿಜವೇ, ಈ ಊರಿಗೆ ಹೊಂದುತ್ತದೆಯೇ ಎಂದು ನೋಡುವುದಿಲ್ಲ. ಕೃತಕ ಬುದ್ಧಿಮತ್ತೆಯಿಂದ ಒಂದೇ ಸಂಜೆ ಐವತ್ತು ಪುಟ ಹೊರತೆಗೆಯುವುದೂ ಇದೇ ಜಾತಿಗೆ ಸೇರಿದ್ದು. ಹುಡುಕಾಟದಲ್ಲಿ ಮೇಲೆ ಬರಲೆಂದೇ ರಾಶಿ ರಾಶಿ ಪುಟ ಮಾಡುವುದನ್ನು, ಅದನ್ನು ಮನುಷ್ಯ ಮಾಡಿದರೂ ಯಂತ್ರ ಮಾಡಿದರೂ, 2024ರ ಮಾರ್ಚ್‌ನಲ್ಲಿ ಗೂಗಲ್ ಸ್ಪಾಮ್ ಎಂದು ಘೋಷಿಸಿತು. ವೈದ್ಯರ ಧ್ವನಿ ಸಂದೇಶವನ್ನು ಅಕ್ಷರಕ್ಕಿಳಿಸಲು, ಕಾಗುಣಿತ ತಿದ್ದಲು ಯಂತ್ರದ ಸಹಾಯ ಪಡೆಯುವುದಕ್ಕೆ ನನ್ನ ಅಡ್ಡಿಯಿಲ್ಲ. ವೈದ್ಯರು ಹೇಳದೇ ಇದ್ದದ್ದನ್ನು ಅವರ ಬಾಯಲ್ಲಿ ಹೇಳಿಸುವುದಕ್ಕೆ ಪೂರ್ತಿ ವಿರೋಧವಿದೆ.

10. ಚಿತ್ರಗಳಿಗೂ ಇದೇ ನಿಯಮ

ಇನ್ನೊಬ್ಬರ ರೋಗಿಯ 'ಮೊದಲು-ನಂತರ' ಚಿತ್ರವನ್ನು ನಿಮ್ಮ ಕೆಲಸವೆಂದು ಹಾಕುವುದು ನೇರ ವಂಚನೆ. ಅದಕ್ಕೆ ಬೇರೆ ಹೆಸರಿಲ್ಲ. ನಿಮ್ಮದೇ ರೋಗಿಯ ಚಿತ್ರವಾದರೆ ಯಾವ ಚಿತ್ರ, ಎಲ್ಲಿ ಬಳಸುತ್ತೀರಿ ಎಂದು ವಿವರಿಸಿ ಬರವಣಿಗೆಯಲ್ಲಿ ಒಪ್ಪಿಗೆ ಪಡೆಯಿರಿ. ಬೇಡವೆಂದರೆ ಯಾವಾಗ ಬೇಕಾದರೂ ತೆಗೆಯುತ್ತೇವೆಂದೂ ಹೇಳಿ. ಇದಾವುದೂ ಆಗದಿದ್ದರೆ ಆಟೋಕ್ಲೇವ್‌ನ ಫೋಟೋ ಹಾಕಿ. ಉಪಕರಣಗಳ ಪೊಟ್ಟಣದ ಮೇಲೆ ಬಣ್ಣ ಬದಲಾದ ಸೂಚಕ ಪಟ್ಟಿ, ಅದರ ಪಕ್ಕದಲ್ಲಿ ಸಿಸ್ಟರ್ ಕೈಬರಹದ ದಿನಾಂಕ. ಹೊಳೆಯುವ ಹಲ್ಲಿನ ವಿದೇಶಿ ಮುಖಕ್ಕಿಂತ ಆ ಒಂದು ಚಿತ್ರ ಹೆಚ್ಚು ನಂಬಿಕೆ ಹುಟ್ಟಿಸುತ್ತದೆ.

11. ಬರಹ ಯಾರದ್ದೆಂದು ಕಾಗದದ ಮೇಲೆ ಬರೆಸಿಕೊಳ್ಳಿ

ದುಡ್ಡು ಕೊಟ್ಟಿದ್ದೇವೆ, ಆದ್ದರಿಂದ ಬರಹ ನಮ್ಮದು ಎಂದು ವೈದ್ಯರು ತಿಳಿದಿರುತ್ತಾರೆ. 1957ರ ಕೃತಿಸ್ವಾಮ್ಯ ಕಾಯ್ದೆ ಹಾಗೆ ಹೇಳುವುದಿಲ್ಲ. ನಿಮ್ಮ ಸಂಬಳದ ನೌಕರ ಕೆಲಸದ ಭಾಗವಾಗಿ ಬರೆದರೆ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ಅದು ನಿಮ್ಮದು. ಹೊರಗಿನವರಿಂದ ಬರೆಸಿದರೆ ಮೊದಲ ಹಕ್ಕು ಬರೆದವರದ್ದು ಅಥವಾ ಅವರ ಏಜೆನ್ಸಿಯದ್ದು. ಆ ಹಕ್ಕು ನಿಮಗೆ ಬರಬೇಕಾದರೆ ಬರವಣಿಗೆಯಲ್ಲಿ, ಸಹಿಯೊಂದಿಗೆ ವರ್ಗಾವಣೆಯಾಗಬೇಕು. ವರ್ಗಾವಣೆ ಪತ್ರದಲ್ಲಿ ಅವಧಿ ಬರೆಯದಿದ್ದರೆ ಕಾಯ್ದೆಯ 19ನೇ ಕಲಮಿನ ಪ್ರಕಾರ ಅದು ಐದೇ ವರ್ಷ. ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ ಸೀಮಿತ. ಏಜೆನ್ಸಿ ಬದಲಿಸಿದಾಗ ಸೈಟಿನ ಪಠ್ಯವೆಲ್ಲ ಹಳಬರ ಬಳಿಯೇ ಉಳಿದು ಮೊದಲಿನಿಂದ ಬರೆಸಬೇಕಾಗಿ ಬಂದ ವೈದ್ಯರಿದ್ದಾರೆ. ಏಜೆನ್ಸಿಯವರು ಕದ್ದ ಪಠ್ಯವನ್ನು ನಿಮ್ಮ ಸೈಟಿಗೆ ಹಾಕಿದ್ದರಂತೂ ಮೂಲ ಲೇಖಕರ ನೋಟಿಸು ಬರುವುದು ನಿಮ್ಮ ಕ್ಲಿನಿಕ್ಕಿನ ವಿಳಾಸಕ್ಕೆ.

ಈ ತಿಂಗಳು ಹೊಸ ವೆಬ್‌ಸೈಟಿಗೆ ಅಡ್ವಾನ್ಸ್ ಕೊಡುವವರಿದ್ದರೆ, ಕೊಡುವ ಮೊದಲು ಒಪ್ಪಂದದಲ್ಲಿ ಮೂರು ಸಾಲು ಸೇರಿಸಿ: ಪಠ್ಯ ಈ ಕ್ಲಿನಿಕ್ಕಿಗಾಗಿಯೇ ಬರೆದದ್ದು, ಬೇರೆಲ್ಲಿಂದಲೂ ತೆಗೆದದ್ದಲ್ಲ; ವೈದ್ಯರು ಓದಿ ಒಪ್ಪಿದ ಮೇಲೆಯೇ ಪ್ರಕಟವಾಗುತ್ತದೆ; ಪೂರ್ಣ ಹಣ ಪಾವತಿಯಾದ ದಿನ ಕೃತಿಸ್ವಾಮ್ಯ ಅದರ ಪೂರ್ಣ ಅವಧಿಗೆ, ಎಲ್ಲ ದೇಶಗಳಿಗೂ ಅನ್ವಯಿಸುವಂತೆ ಕ್ಲಿನಿಕ್ಕಿಗೆ ವರ್ಗಾವಣೆಯಾಗುತ್ತದೆ. ಇದಕ್ಕೆ ಸಹಿ ಹಾಕಲು ಒಪ್ಪದವರಿಗೆ ಕೆಲಸ ಕೊಡಬೇಡಿ.